ಬಾಕಿ ಕೆಲಸ ಉಳಿಸಿಕೊಂಡು ಸತ್ತವನ ದೆವ್ವ: ಆಟದಲ್ಲಿ ಹೇಗೆ ತರೋದು?

ಪ್ರಶ್ನೆ

ನಮ್ಮದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಕಥೆ ಆಡೋ ಆಟ) ಐದನೇ ಆವೃತ್ತಿ, 2014ರ ನಿಯಮ. ನಾಲ್ವರು ಆಟಗಾರರು, ಎಲ್ಲರೂ 3ನೇ ಲೆವೆಲ್: ಫೈಟರ್ (ಯೋಧ), ರೋಗ್ (ಕಳ್ಳ), ವಿಝರ್ಡ್ (ಮಂತ್ರವಾದಿ), ಕ್ಲೆರಿಕ್ (ಪೂಜಾರಿ). ಕಥೆ ನಡೆಯೋ ಲೋಕವನ್ನ ಹಳೇ ಗಂಗವಾಡಿ ಥರ ಕಟ್ಟಿಕೊಂಡಿದ್ದೀವಿ. ಊರು, ರಾಜರು, ದೇವರ ಹೆಸರೆಲ್ಲ ಕಲ್ಪಿತ. ಮುಂದಿನ ಊರಲ್ಲಿ ಒಂದು ವೀರಗಲ್ಲು, ಅದರ ಹತ್ತಿರ ಆ ವೀರನ ದೆವ್ವ. ದನ ಹೊಡ್ಕೊಂಡು ಹೋಗೋರ ಜೊತೆ ಕಾದಾಡಿ ಸತ್ತವನು. ಅವನಿಗೆ ಏನೋ ಬಾಕಿ ಉಳಿದಿದೆ, ಅದು ಏನು ಅನ್ನೋದೇ ಹೊಳೀತಿಲ್ಲ. ಹೊಡೆದು ಮುಗಿಸೋ ಶತ್ರು ಆಗಬಾರದು, ಹಾಗಂತ ಅಪಾಯವೇ ಇಲ್ಲದ ಅಳುಬುರುಕನೂ ಆಗಬಾರದು. ಮೂರು ಮೂರು ಗಂಟೆಯ ಎರಡು ಸೆಷನ್ ಇದೆ. ದೆವ್ವದ ಪಾತ್ರ ಆಡಿಸಿದವರು ಎಲ್ಲಿಂದ ಶುರು ಮಾಡ್ತೀರಿ, ಯಾವುದು ಕೆಡುತ್ತೆ ಅಂತ ಹೇಳಿ.

ಉತ್ತರ

ಬಾಕಿ ಕೆಲಸ ಮೊದಲು ತೀರ್ಮಾನ ಆಗಲಿ, ದೆವ್ವದ ಬಣ್ಣ ಬೆಳಕೆಲ್ಲ ಆಮೇಲೆ. ಹೆಚ್ಚಿನ ದೆವ್ವಗಳು ಕೆಡೋದು ಇಲ್ಲೇ. "ಅವನಿಗೆ ನ್ಯಾಯ ಬೇಕು", "ಅವನಿಗೆ ಶಾಂತಿ ಸಿಕ್ಕಿಲ್ಲ" ಅಂತ ಬರೆದಿಟ್ಟುಕೊಂಡು ಕೂತರೆ ಆಟಗಾರರಿಗೆ ಮಾಡೋಕೆ ಕೆಲಸವೇ ಇರಲ್ಲ. ಕೊನೆಗೆ ಯಾರೋ ಒಬ್ಬರು "ನಾನು ಅವನಿಗೆ ಸಮಾಧಾನ ಹೇಳ್ತೀನಿ, ಪರ್ಸುಯೇಶನ್ (ಮನವೊಲಿಸೋ ದಾಳ) 22" ಅಂತಾರೆ, ಅಲ್ಲಿಗೆ ಮುಗೀತು. ಬಾಕಿ ಅನ್ನೋದು ಒಂದು ವಸ್ತು, ಒಂದು ಜಾಗ, ಒಬ್ಬ ಮನುಷ್ಯ ಇವಕ್ಕೆ ಗಂಟು ಹಾಕಿಕೊಂಡಿರಬೇಕು. ಕೈಯಲ್ಲಿ ಹಿಡಿದು, ಹೊತ್ತು ತಂದು, ಯಾರಿಗೋ ಕೊಟ್ಟು ಮುಗಿಸೋ ಹಾಗಿರಬೇಕು.

ಮೂರು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರ್ಕೊಳ್ಳಿ. ಆಗಬೇಕಾದ ಕೆಲಸ ಯಾವುದು? ದೆವ್ವ ಅದನ್ನ ತಾನೇ ಯಾಕೆ ಮಾಡ್ಕೊಳ್ಳೋಕೆ ಆಗಲ್ಲ? ಅದು ಆಗದೇ ಇದ್ದರೆ ಬದುಕಿರೋರಲ್ಲಿ ಯಾರಿಗೆ ಲಾಭ? ಮೂರನೆಯದನ್ನ ಬಹಳ ಜನ ಮರೀತಾರೆ. ಅಡ್ಡ ನಿಲ್ಲೋ ಜೀವಂತ ಮನುಷ್ಯ ಒಬ್ಬನೂ ಇಲ್ಲದಿದ್ದರೆ ಇಡೀ ಸಾಹಸ ಕಳೆದುಹೋದ ಸಾಮಾನು ಹುಡುಕೋ ಕೆಲಸ ಆಗುತ್ತೆ.

ನಿಮ್ಮ ವೀರಗಲ್ಲಿನಲ್ಲೇ ಮೂರಕ್ಕೂ ಉತ್ತರ ಇದೆ. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಪಟ್ಟಿಕೆ, ಅಂದ್ರೆ ಒಂದರ ಮೇಲೊಂದು ಕೆತ್ತನೆಯ ಅಂಕಣ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು. ಪಟ್ಟಿಕೆಗಳ ನಡುವಿನ ಪಟ್ಟಿಯಲ್ಲಿ ಶಾಸನ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡೋ ಪದ್ಧತಿ ಇತ್ತು, ಶಾಸನಗಳಲ್ಲಿ ಅದನ್ನ ಕಲ್ನಾಡು ಅಂತ ಬರೀತಿದ್ರು. ಈಗ ನಿಮ್ಮ ಕಲ್ಲಿನಲ್ಲಿ ಕೆಳಗಿನ ಎರಡು ಪಟ್ಟಿಕೆ ಮಾತ್ರ ಕೆತ್ತಿರಲಿ. ಮೇಲಿನದು ಖಾಲಿ, ಉಳಿ ಏಟಿನ ಗುರುತು ಮಾತ್ರ. ಶಾಸನವೂ ದಾನದ ಸಾಲಿನ ಹತ್ತಿರ ಅರ್ಧಕ್ಕೆ ನಿಂತಿರಲಿ.

ಯಾಕೆ ನಿಂತಿತು? ಊರಿಂದ ಹೋದ ದನ 24. ಇವನು ಕಾದಾಡಿ ಮರಳಿಸಿದ್ದು 24. ಊರ ಗೌಡ ಒಂದು ಹಸುವನ್ನ ರಾತ್ರೋರಾತ್ರಿ ತನ್ನ ಹಟ್ಟಿಗೆ ಸೇರಿಸಿಬಿಟ್ಟು, ಬೆಳಿಗ್ಗೆ ಎಣಿಸಿ, "ಬಂದಿದ್ದು 23, ತುರು (ದನ) ಪೂರ್ತಿ ಮರಳಲಿಲ್ಲ, ಕಲ್ನಾಡು ಇಲ್ಲ" ಅಂದ. ಉಳಿ ಕೆಳಗೆ ಇಡಿಸಿದ. ಭೂಮಿ ಅವನ ವಂಶಕ್ಕೇ ಉಳೀತು, ಇವತ್ತಿನ ಗೌಡ ಅದರ ಮೇಲೇ ಬದುಕ್ತಿದಾನೆ. ವೀರ ಆಗಲೇ ಸತ್ತಿದ್ದ, 24ನೆಯದು ಏನಾಯ್ತು ಅನ್ನೋದು ಅವನಿಗೂ ಗೊತ್ತಿಲ್ಲ. ಅದಕ್ಕೆ ಪ್ರತಿ ಸಂಜೆ ಊರ ದನ ಮರಳೋ ಹೊತ್ತಿಗೆ ಕಲ್ಲಿನ ಪಕ್ಕ ಬಂದು ಎಣಿಸ್ತಾನೆ. 23ಕ್ಕೆ ನಿಂತು, ಮತ್ತೆ ಒಂದರಿಂದ ಶುರು.

ಆಟಗಾರರ ಕೆಲಸ ಏನಪ್ಪಾ ಅಂದ್ರೆ: ಆ ಹಸುವಿನ ಕೊರಳ ಗಂಟೆ ಹುಡುಕಿ, ಊರ ಮುಂದೆ ಕಲ್ಲಿನ ಹತ್ತಿರ ತಂದು ಎಣಿಕೆ 24 ಮಾಡೋದು, ಮೇಲಿನ ಪಟ್ಟಿಕೆ ಕೆತ್ತಿಸೋದು, ಕಲ್ನಾಡು ಅವನ ವಂಶದವರಿಗೆ ಕೊಡಿಸೋದು. ದೆವ್ವ ಯಾಕೆ ತಾನೇ ಮಾಡಲ್ಲ ಅಂದ್ರೆ ಅವನು ಕಲ್ಲಿನಿಂದ 300 ಅಡಿ ದಾಟೋ ಹಾಗಿಲ್ಲ, ಗೌಡನ ಹಳೇ ಹಟ್ಟಿ ಅದರಾಚೆ ಇದೆ.

ಹಾಗೇ ಒಂದು ಮಾತು. ವೀರಗಲ್ಲು ಅಂದ್ರೆ ಕತ್ತಿ ಹಿಡಿದ ಗಂಡಸಿಗೆ ಮಾತ್ರ ಅಂದ್ಕೋಬೇಡಿ. 10ನೇ ಶತಮಾನದ ಆತಕೂರಿನ ಕಲ್ಲು ಕಾಳಿ ಅನ್ನೋ ನಾಯಿಯ ನೆನಪಿನದು, ಹಂದಿ ಜೊತೆ ಕಾದಾಡಿ ಸತ್ತಿದ್ದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋಗಿ ನೋಡಿದರೆ ನಿಮ್ಮ ವರ್ಣನೆಗೆ ಜೀವ ಬರುತ್ತೆ. ನಿಮ್ಮ ವೀರನಿಗೂ ಒಂದು ನಾಯಿ ಕೊಡಿ. ಮುಂದೆ ಉಪಯೋಗಕ್ಕೆ ಬರುತ್ತೆ.

ಇನ್ನೊಬ್ಬರು, ಅಂಕಿಗಳ ಬಗ್ಗೆ

ಕಥೆ ಗಟ್ಟಿ ಇದೆ. ಆದರೆ ನಿಯಮದ ಪುಸ್ತಕದಲ್ಲಿರೋ ಘೋಸ್ಟ್ (ದೆವ್ವ) ಅನ್ನು ಹಾಗೇ ಎತ್ತಿ 3ನೇ ಲೆವೆಲ್ ಗುಂಪಿನ ಮುಂದೆ ಇಡಬೇಡಿ. ಅದು ಸಿಆರ್ (ಎಷ್ಟು ಕಠಿಣ ಅನ್ನೋ ಅಂಕ) 4, ಎಸಿ (ಏಟು ತಾಗಿಸೋಕೆ ಮುಟ್ಟಬೇಕಾದ ಅಂಕ) 11, ಎಚ್‌ಪಿ (ಜೀವಬಲ) 45. ನೋಡೋಕೆ ಸಾಧಾರಣ ಅನ್ಸುತ್ತೆ. ಅಪಾಯ ಬೇರೆ ಕಡೆ ಇದೆ.

ಒಂದು, ವಿದರಿಂಗ್ ಟಚ್ (ಅದು ಮುಟ್ಟಿ ಹೊಡೆಯೋ ಏಟು) 4ಡಿ6+3, ಅಂದ್ರೆ ಆರು ಮುಖದ ನಾಲ್ಕು ದಾಳದ ಮೊತ್ತಕ್ಕೆ 3 ಕೂಡಿಸಿದ್ದು, ಸರಾಸರಿ 17. ನಿಮ್ಮ ವಿಝರ್ಡ್‌ನ ಇಡೀ ಎಚ್‌ಪಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಒಂದೇ ಏಟಿಗೆ ಬೀಳ್ತಾನೆ. 2ಡಿ6+3ಕ್ಕೆ ಇಳಿಸಿ.

ಎರಡು, ಹಾರಿಫೈಯಿಂಗ್ ವಿಸೇಜ್ (ಭಯಾನಕ ಮುಖ). ಡಿಸಿ 13 ವಿಸ್ಡಂ ಸೇವ್ (20 ಮುಖದ ದಾಳಕ್ಕೆ ವಿವೇಕದ ಅಂಕ ಕೂಡಿಸಿ 13 ಮುಟ್ಟಿದರೆ ಪಾರು), 5 ಅಥವಾ ಹೆಚ್ಚು ಅಂಕದಿಂದ ಸೋತವನಿಗೆ 1ಡಿ4 ಗುಣಿಸು 10 ವರ್ಷ ವಯಸ್ಸಾಗುತ್ತೆ. ವಿಸ್ಡಂ ಸೇವ್‌ಗೆ ಏನೂ ಕೂಡದವನಿಗೆ ಡಿ20ಯಲ್ಲಿ 8 ಅಥವಾ ಕೆಳಗೆ ಬಿದ್ದರೆ ಸಾಕು, ಅಂದ್ರೆ ಶೇ. 40. ಅಂಥ ನಾಲ್ವರು ಒಟ್ಟಿಗೆ ನಿಂತಿದ್ದರೆ ಒಬ್ಬನಾದರೂ ಮುದುಕನಾಗೋ ಸಾಧ್ಯತೆ ಶೇ. 87. ವಾಪಸ್ ಬರೋಕೆ 24 ಗಂಟೆಯೊಳಗೆ ಗ್ರೇಟರ್ ರೆಸ್ಟೊರೇಶನ್ ಬೇಕು. ಅದು 5ನೇ ಹಂತದ ಸ್ಪೆಲ್ (ಮಂತ್ರ), ಕ್ಲೆರಿಕ್‌ಗೆ 9ನೇ ಲೆವೆಲ್‌ಗೆ ಸಿಗೋದು. ಆದ್ದರಿಂದ ವಯಸ್ಸಾಗೋದನ್ನ ತೆಗೆದುಹಾಕಿ, ಬರೀ ಫ್ರೈಟನ್ಡ್ (ಹೆದರಿಕೆ) ಉಳಿಸಿ. ಬೇಕೇ ಬೇಕು ಅಂದ್ರೆ ತಲೆಯಲ್ಲಿ ಒಂದು ಬಿಳಿ ಎಳೆ ಬರಲಿ, ಅಂಕಿಗೆ ಏನೂ ಆಗದೆ.

ಮೂರು, ಹೊಡೆತ ತಾಗೋದು. ಮಾಮೂಲಿ ಆಯುಧಕ್ಕೆ ಅರ್ಧ ಡ್ಯಾಮೇಜ್, ಬೆಂಕಿ ಸಿಡಿಲಿಗೂ ಅರ್ಧ, ಚಳಿ ಮತ್ತು ನೆಕ್ರೋಟಿಕ್‌ಗೆ (ಸಾವಿನ ಶಕ್ತಿಯ ಏಟಿಗೆ) ಸೊನ್ನೆ. ಫೈಟರ್ ಮತ್ತು ರೋಗ್ ಲೆಕ್ಕದಲ್ಲಿ 45 ಎಚ್‌ಪಿ ಅಂದ್ರೆ 90 ಇದ್ದ ಹಾಗೆ. ಪೂರ್ತಿ ತಾಗೋದು ಸೇಕ್ರೆಡ್ ಫ್ಲೇಮ್ ಮತ್ತು ಮ್ಯಾಜಿಕ್ ಮಿಸೈಲ್. ಕ್ಲೆರಿಕ್ ಟೋಲ್ ದ ಡೆಡ್ (ನೆಕ್ರೋಟಿಕ್ ಸ್ಪೆಲ್) ಮಾತ್ರ ಇಟ್ಕೊಂಡಿದ್ದರೆ ಮೇಜಿನ ಮುಂದೆ ಸುಮ್ಮನೆ ಕೂರಬೇಕಾಗುತ್ತೆ. ಮೊದಲೇ ಅವರ ಸ್ಪೆಲ್ ಪಟ್ಟಿ ನೋಡ್ಕೊಳ್ಳಿ.

ಟರ್ನ್ ಅನ್‌ಡೆಡ್ (ಕ್ಲೆರಿಕ್ ದೆವ್ವ ಓಡಿಸೋ ಶಕ್ತಿ) ಬಂದೇ ಬರುತ್ತೆ, ಸಿದ್ಧವಾಗಿರಿ. ಕ್ಲೆರಿಕ್ ವಿಸ್ಡಂ 16 ಇದ್ದರೆ ಡಿಸಿ 13. ದೆವ್ವದ ವಿಸ್ಡಂ ಸೇವ್ +1, ಹಾಗಾಗಿ ಶೇ. 55ರಷ್ಟು ಸಲ ಅದು ಓಡುತ್ತೆ, ಒಂದು ನಿಮಿಷ ಹತ್ತಿರ ಬರಲ್ಲ. ಮಾತುಕತೆಯ ದೃಶ್ಯವೇ ಹಾಳಾಯ್ತು ಅಂತ ಕೈಚೆಲ್ಲಬೇಡಿ. ಅವನು ಹೋಗಿದ್ದು ಯಾವ ದಿಕ್ಕಿಗೆ ಅನ್ನೋದೇ ಸುಳಿವಾಗಲಿ: ಹಟ್ಟಿಯ ಕಡೆ ಓಡಿ, 300 ಅಡಿಯ ಗಡಿಯಲ್ಲಿ ಗೋಡೆಗೆ ತಾಗಿದ ಹಾಗೆ ನಿಲ್ಲಲಿ. ಡೆಸ್ಟ್ರಾಯ್ ಅನ್‌ಡೆಡ್ ಚಿಂತೆ ಬೇಡ, ಸಿಆರ್ 4 ಅಳಿಸೋಕೆ ಕ್ಲೆರಿಕ್ 17ನೇ ಲೆವೆಲ್ ಆಗಬೇಕು.

ಹೊಡೆದು ಬೀಳಿಸಿಬಿಟ್ಟರೆ? 2014ರ ಘೋಸ್ಟ್‌ಗೆ ಮತ್ತೆ ಎದ್ದು ಬರೋ ಗುಣ ಬರೆದಿಲ್ಲ. 3.5 ಆವೃತ್ತಿಯಲ್ಲಿ ಇತ್ತು: ಡಿ20 ಜೊತೆ ಹಿಟ್ ಡೈಸ್ (ಜೀವಬಲದ ದಾಳಗಳು) ಎಷ್ಟಿವೆಯೋ ಅಷ್ಟು ಕೂಡಿಸಿ 16 ಅಥವಾ ಹೆಚ್ಚು ಬಂದರೆ 2ಡಿ4 ದಿನದಲ್ಲಿ ವಾಪಸ್. ಇದನ್ನ ಎರವಲು ತಗೊಳ್ಳಿ, ಆದರೆ ರೋಲ್ ಬಿಟ್ಟುಬಿಡಿ. 10 ಹಿಟ್ ಡೈಸ್ ಇರೋದಕ್ಕೆ ಶೇ. 75 ಬರುತ್ತೆ. ಉಳಿದ ಶೇ. 25ರಲ್ಲಿ ನಿಮ್ಮ ಎರಡು ಸೆಷನ್ನಿನ ಕಥೆ ಒಂದು ದಾಳಕ್ಕೆ ಮುಗಿದುಹೋಗುತ್ತೆ. ಎಣಿಕೆ ಮುಗಿಯೋ ತನಕ ಮರುದಿನ ಸಂಜೆ ಅವನು ಬಂದೇ ಬರ್ತಾನೆ ಅಂತ ಇಟ್ಕೊಳ್ಳಿ.

ಧಾರವಾಡದ ಕಡೆಯವರು

ಅಂಕಿ ಸರಿ ಅದಾವ್ರಿ. ಆದ್ರ ದೆವ್ವ ಕೆಡೂದು ಮಾತಿನ್ಯಾಗ. ಅಂವ ಬಂದ ಕೂಡ್ಲೇ ಹುಟ್ಟಿದ್ದು, ಬೆಳದದ್ದು, ಸತ್ತದ್ದು ಎಲ್ಲಾ ಹೇಳಿಬಿಟ್ರ ಆಟಗಾರರಿಗೆ ಹುಡುಕಾಕ ಏನ್ ಉಳೀತು? ಒಂದ್ ಹಾಳಿ ತಗೊಂಡು ಮೂರು ಸಾಲು ಎಳೀರಿ: ಅಂವಗ ಗೊತ್ತಿದ್ದದ್ದು, ಗೊತ್ತಿಲ್ಲದ್ದು, ಗೊತ್ತಿದ್ರೂ ಹೇಳದೇ ಇರೂದು.

ಗೊತ್ತಿದ್ದದ್ದು: ದನ 24, ಪ್ರತಿಯೊಂದರ ಹೆಸರು, ಬಣ್ಣ, ಕೊಂಬು. ಗೊತ್ತಿಲ್ಲದ್ದು: ತಾನು ಸತ್ತು ಎಷ್ಟ್ ವರ್ಷ ಆತು, ಕಡೀ ಹಸು ಎಲ್ಲಿಗಿ ಹೋತು, ಹೆಂಡ್ತಿ ಮಕ್ಕಳದು ಏನಾತು. ಹೇಳದೇ ಇರೂದು: ಗೌಡನ ಮ್ಯಾಲಿನ ಅನುಮಾನ. ಯಾಕಂದ್ರ ಅಂವ ಗೌಡನ ಉಪ್ಪು ಉಂಡಾಂವ, ಆಣೆ ಮಾಡ್ಯಾನ. ಈ ಮೂರನೇದ್ದು ಬಾಯಿ ಬಿಡಬೇಕಂದ್ರ ಆಟಗಾರರು ಗಂಟಿ ತಂದು ತೋರಸ್ಬೇಕು. ಅಲ್ಲಿ ಮಟಾ ಎಷ್ಟ್ ದೊಡ್ಡ ಪರ್ಸುಯೇಶನ್ ಬಿದ್ರೂ ಬಾಯಿ ಬಿಡ್ಸಬ್ಯಾಡ್ರಿ.

ಮಾತು ಸಣ್ಣದಿರ್ಲಿ. ಒಂದ್ ಸಲಕ್ಕ ಎರಡ್ ವಾಕ್ಯ, ಅದೂ ಈಗ ನಡೆದದ್ದು ಅನ್ನೂ ಹಂಗ. "ಬೂದಿ ಬಂತು. ಕೆಂದಿ ಬಂತು. ಕಡೀದು ಎಲ್ಲಿ?" ಇಷ್ಟ ಸಾಕು. ನರಳೂದು, ಕಿರಚೂದು ಬ್ಯಾಡ್ರಿ, ಎರಡ್ ಸಲಕ್ಕ ಮೇಜಿನ ಸುತ್ತ ನಗಿ ಶುರು ಆಗ್ತೈತಿ. ಅದರ ಬದ್ಲಿ ಕೈಬಳ್ಳಿನ ಗೆಣಿಗಿ ಮ್ಯಾಲ ಹೆಬ್ಬಟ್ಟು ಇಟ್ಟು ಎಣಸ್ರಿ, ನಮ್ಮ ಹಿರ್ಯಾರು ಎಣಸ್ತಾರಲ್ಲ ಹಂಗ. ಒಂದ್ ಬಳ್ಳಿಗೆ ಮೂರು ಗೆಣಿಗಿ, ನಾಕ್ ಬಳ್ಳಿಗೆ 12. ಎರಡ್ ಕೈ ಕೂಡಿದ್ರ ಸರಿಯಾಗಿ 24. ಅಂವ ಎಡಗೈಯ ಕಡೀ ಗೆಣಿಗಿ ಹತ್ರ ಬಂದು ನಿಲ್ತಾನ. ಚೂಟಿ ಇದ್ದ ಆಟಗಾರ ಬಾಯಿಲೇ ಹೇಳೂದ್ರಾಗ ಲೆಕ್ಕ ಹಿಡೀತಾನ.

ಇನ್ನ ಭಾಷಾ. ಶಾಸನ ಹಳಗನ್ನಡದಾಗ ಇರ್ಲಿ, ಛಂದ ಕಾಣ್ತೈತಿ. ಆದ್ರ ಕಥೀ ಗಂಟು ಅದರಾಗ ಮುಚ್ಚಿಡಬ್ಯಾಡ್ರಿ. ವಿಝರ್ಡ್ ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್ (ಗೊತ್ತಿಲ್ಲದ ಭಾಷಾ ತಿಳಿಸೂ ಮಂತ್ರ) ರಿಚುವಲ್ ಮಾಡಿ ಕಲ್ಲ ಮುಟ್ಟಿದ್ರ ಓದಿಬಿಡ್ತಾನ. ಓದ್ಲಿ ಬಿಡ್ರಿ. ಹ್ಯಾಂಡ್‌ಔಟ್‌ಗೆ (ಆಟಗಾರರ ಕೈಗೆ ಕೊಡೂ ಹಾಳಿಗೆ) ಇಂಥಾದ್ದೊಂದು ಬರೀರಿ:

"ಊರ ತುರುಗಳಂ ಕಳ್ಳರ್ ಕೊಂಡು ಪೋಗೆ ಕಾದಿ ಇರ್ಪತ್ತನಾಲ್ಕುಂ ತುರುವಂ ಮಗುಳ್ಚಿ ಸತ್ತಂ. ಈತನ ಮಕ್ಕಳ್ಗೆ ಕೊಟ್ಟ ಕಲ್ನಾಡು"

ಅಲ್ಲಿಗೇ ನಿಲ್ಲಸ್ರಿ, ಮುಂದಿನ ಅಕ್ಷರ ಅರ್ಧ ಕಡದದ್ದು. ಕಲ್ಲು 24 ಅಂತೈತಿ, ಊರ ಮಂದಿ 23 ಅಂತಾರ. ಜಗಳ ಅಲ್ಲೇ ಹುಟ್ತೈತಿ.

ಮಂಗಳೂರಿನವರು

ಒಂದು ಎಚ್ಚರಿಕೆ ಹೇಳ್ತೇನೆ, ಬೇಸರ ಮಾಡ್ಬೇಡಿ. ಕರಾವಳಿಯ ಕಡೆಯಿಂದ ಏನಾದ್ರೂ ತೆಗೆದುಕೊಳ್ಳುದಿದ್ರೆ ಭೂತ ಅಂತ ಇಲ್ಲಿ ಹೇಳುದು ದೈವಕ್ಕೆ. ಕೋಲ, ನೇಮ ಕೊಟ್ಟು ನಂಬುವ ಶಕ್ತಿ ಅದು. ಅದಕ್ಕೆ ಎಚ್‌ಪಿ ಹಾಕಿ ಹೊಡೆಯುವ ಪ್ರಾಣಿ ಮಾಡುದು ಬೇಡ, ಹೆಸರು ಬದಲಾಯಿಸಿದ್ರೂ ಬೇಡ. ಸತ್ತವರ ಪ್ರೇತಕ್ಕೆ ತುಳುವಿನಲ್ಲಿ ಕುಲೆ ಅಂತ ಬೇರೆಯೇ ಉಂಟು.

ಕುಲೆಯ ವಿಷಯದಲ್ಲಿ ಆಟಕ್ಕೆ ಆಗುವಂಥ ಒಳ್ಳೆಯ ಹೊಳಹು ಪ್ರೇತ ಮದುವೆ. ಮದುವೆ ಆಗದೆ ಸತ್ತವರಿಗೆ ಹಾಗೆಯೇ ಸತ್ತ ಇನ್ನೊಬ್ಬರನ್ನು ನೋಡಿ, ಎರಡು ಮನೆಯವರು ಒಪ್ಪಿ ಮದುವೆ ಮಾಡಿಸುವ ಪದ್ಧತಿ, ತುಳುವರ ಆಟಿ ತಿಂಗಳಲ್ಲಿ. ನಿಯಮದ ದೃಷ್ಟಿಯಿಂದ ಇದರಲ್ಲಿ ಏನು ಚಂದ ಅಂದ್ರೆ, ಒಂದು ದೆವ್ವದ ಬಾಕಿ ತೀರಬೇಕಾದ್ರೆ ಎರಡು ಕುಟುಂಬ ಒಪ್ಪಬೇಕು. ಕತ್ತಿಗೆ ಕೆಲಸವೇ ಇಲ್ಲ. ಆಟಗಾರರು ಹೆಣ್ಣು ಕೇಳ್ಲಿಕ್ಕೆ ಹೋದವರ ಹಾಗೆ ಮನೆ ಮನೆಗೆ ಹೋಗಿ ಮಾತಾಡಬೇಕು. ಒಂದು ಮನೆಗೆ ಹಳೆಯ ಜಾಗದ ತಕರಾರು, ಇನ್ನೊಂದು ಮನೆಗೆ ಸತ್ತ ಮಗಳ ಹೆಸರೆತ್ತಿದ್ರೆ ಸಂಕಟ. ನಿಮ್ಮ ವೀರನ ಕಥೆಯಲ್ಲಿ ಕೂಡ ಕೊನೆಯ ದೃಶ್ಯವನ್ನು ಹೀಗೆಯೇ ಇಡಿ: ಗೌಡನ ಮನೆಯವರು ಮತ್ತು ವೀರನ ಮನೆಯವರು ಇಬ್ಬರೂ ಕಲ್ಲಿನ ಎದುರು ಬಂದು ನಿಲ್ಲಬೇಕು. ಗೌಡನನ್ನು ಕೊಂದು ಭೂಮಿ ಕಿತ್ತುಕೊಟ್ರೆ ಎಣಿಕೆ ಮುಗಿಯುದಿಲ್ಲ. ಯಾಕಂದ್ರೆ ಎಣಿಕೆ ತಪ್ಪು ಅಂತ ಹೇಳಿದ್ದು ಆ ಮನೆ, ಸರಿ ಅಂತ ಹೇಳಬೇಕಾದ್ದೂ ಅದೇ ಮನೆ. ಈ ಒಂದು ನಿಯಮ ಇಟ್ರೆ "ಗೌಡನನ್ನೇ ಕಡಿದು ಹಾಕುವ" ಅನ್ನುವ ಫೈಟರ್‌ಗೂ ಬೇರೆ ದಾರಿ ಯೋಚಿಸಬೇಕಾಗ್ತದೆ.

ಕೇಳಿದವರು ಮತ್ತೆ

ತುಂಬಾ ಚೆನ್ನಾಗಿದೆ, ಗಂಟೆ ಮತ್ತು ಎಣಿಕೆ ಇಟ್ಕೋತೀನಿ. ಎರಡು ಅನುಮಾನ. ಸುಳಿವು ಸಿಗದೆ ಆಟಗಾರರು ನಿಂತುಬಿಟ್ಟರೆ ಏನು ಮಾಡೋದು? ಮತ್ತೆ ಪೊಸೆಶನ್ (ದೆವ್ವ ಪಾತ್ರದ ಮೈಮೇಲೆ ಬರೋದು) ಬಳಸಬಹುದಾ? ನಮ್ಮ ರೋಗ್ ಆಡೋರಿಗೆ ಪಾತ್ರ ಕೈತಪ್ಪೋದು ಇಷ್ಟ ಆಗಲ್ಲ.

ಮೊದಲು ಉತ್ತರಿಸಿದವರು

ಒಂದು ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವು ಇಡಿ. ಎರಡನ್ನ ಅವರು ನೋಡೇ ನೋಡಲ್ಲ, ಅಥವಾ ತಪ್ಪು ಅರ್ಥ ಮಾಡ್ಕೋತಾರೆ. ನಿಮ್ಮ ಕಥೆಯಲ್ಲಿ ಮುಟ್ಟಬೇಕಾದ ತೀರ್ಮಾನ ಎರಡೇ: 24ನೇ ಹಸು ವಾಪಸ್ ಬಂದಿತ್ತು, ವೀರನ ವಂಶದವರು ಇಂಥವರು.

ಮೊದಲನೆಯದಕ್ಕೆ: ಕಲ್ಲಿನ ಮೇಲಿನ ಅಂಕಿ. ದೇವಸ್ಥಾನದಲ್ಲಿರೋ ಹಳೇ ಕಡತ, ಅಂದ್ರೆ ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆಯ ಮಡಿಕೆ ಪುಸ್ತಕ, ಬಳಪದಲ್ಲಿ ಬರೆದದ್ದು. ಅದರಲ್ಲಿ ಆ ವರ್ಷ ಗೌಡನ ಹಟ್ಟಿಯ ದನ ಒಂದು ಜಾಸ್ತಿ ಆಗಿದೆ, ಕೊಂಡಿದ್ದು ಅಂತ ಎಲ್ಲೂ ಇಲ್ಲ. ಬಳಪ ಅಲ್ವಾ, ಅಂಗೈ ತಾಗಿದರೆ ಅಳಿಸುತ್ತೆ. ಒರಟಾಗಿ ತಿರುವಿದ ಆಟಗಾರನಿಗೆ ಅರ್ಧ ಸಾಲು ಹೋಗಲಿ. ಮೂರನೆಯದು ಆ ನಾಯಿ. ಅದಕ್ಕೆ 300 ಅಡಿ ಗಡಿ ಇಲ್ಲ. ರಾತ್ರಿ ಗೌಡನ ಪಾಳುಬಿದ್ದ ಹಟ್ಟಿಯಲ್ಲಿ ಒಂದು ಗೋಡೆಯ ಬುಡ ಕೆರೀತಾ ಇರುತ್ತೆ. ಗಂಟೆ ಅಲ್ಲೇ ಹೂತಿದೆ.

ಎರಡನೆಯದಕ್ಕೆ: ಒಂದು ಬಡ ಮನೆಯವರು ಹಸು ಕರು ಹಾಕಿದಾಗ ಮೊದಲ ಗಿಣ್ಣು ಕಲ್ಲಿಗೆ ಇಡ್ತಾರೆ, ಯಾಕೆ ಅಂತ ಅವರಿಗೇ ಗೊತ್ತಿಲ್ಲ. ಆ ಮನೆಯ ಹುಡುಗಿಯನ್ನ ದೆವ್ವ ತನ್ನ ಮಗಳ ಹೆಸರು ಹಿಡಿದು ಕರೆಯುತ್ತೆ. ಅವರು ದನಕ್ಕೆ ಇಡೋ ಹೆಸರು, ದೆವ್ವ ಎಣಿಸೋ ಹೆಸರು ಒಂದೇ.

ಸುಳಿವು ಸಿಗೋದಕ್ಕೆ ರೋಲ್ ಇಡಬೇಡಿ. ಕಡತ ತೆಗೆದರೆ ಸಾಲು ಕಾಣಲಿ. ಇನ್ವೆಸ್ಟಿಗೇಶನ್ ಡಿಸಿ 13 ದಾಟಿದರೆ ಒಂದು ಗಂಟೆಯಲ್ಲಿ, ಸೋತರೆ ಇಡೀ ಮಧ್ಯಾಹ್ನ ಹೋಗಿ ಗೌಡನಿಗೆ ಸುದ್ದಿ ಮುಟ್ಟುತ್ತೆ. ಗೌಡ ಸುಮ್ಮನೆ ಕೂರಬಾರದು: ಮೊದಲ ದಿನ ಊಟಕ್ಕೆ ಕರೀತಾನೆ, ಎರಡನೇ ದಿನ ಕಡತ ಎತ್ತಿಸ್ತಾನೆ, ಮೂರನೇ ರಾತ್ರಿ ಆಳುಗಳನ್ನ ಕಳಿಸಿ ಕಲ್ಲನ್ನೇ ಉರುಳಿಸೋಕೆ ನೋಡ್ತಾನೆ. ನಿಮಗೆ ಬೇಕಾದ ಕಾಳಗ ಅಲ್ಲಿದೆ. ಅವತ್ತು ದೆವ್ವ ಆಟಗಾರರ ಪಕ್ಕ ನಿಂತು ಹೊಡೆದಾಡಲಿ, ಮೇಲಿನವರು ಹೇಳಿದ ಅಂಕಿ ಅಲ್ಲಿ ಉಪಯೋಗಕ್ಕೆ ಬರುತ್ತೆ.

ಅಂಕಿಯವರು

ಪೊಸೆಶನ್ ಬಗ್ಗೆ. ಡಿಸಿ 13 ಕರಿಸ್ಮಾ ಸೇವ್ ಸೋತವನಿಗೆ ಅರಿವು ಇರುತ್ತೆ, ಮೈ ಮಾತ್ರ ಕೈಲಿರಲ್ಲ. ಬಿಡಿಸೋಕೆ ಪುಸ್ತಕದ ದಾರಿ: ಆ ಮೈ 0 ಎಚ್‌ಪಿಗೆ ಇಳೀಬೇಕು, ದೆವ್ವ ತಾನೇ ಬಿಡಬೇಕು, ಟರ್ನ್ ಆಗಬೇಕು, ಇಲ್ಲ ಡಿಸ್ಪೆಲ್ ಈವಿಲ್ ಅಂಡ್ ಗುಡ್ ಥರದ್ದು ಬೇಕು. ಕ್ಲೆರಿಕ್ ಟರ್ನ್ ಖರ್ಚು ಮಾಡಿಕೊಂಡಿದ್ದರೆ ಗೆಳೆಯನನ್ನೇ ಬಡಿಯೋದೊಂದೇ ದಾರಿ ಅನ್ನೋ ಹಾಗಾಗುತ್ತೆ, ಅಲ್ಲಿ ಮೇಜು ಕಹಿಯಾಗುತ್ತೆ. ಪ್ರೊಟೆಕ್ಷನ್ ಫ್ರಮ್ ಈವಿಲ್ ಅಂಡ್ ಗುಡ್ ಮೊದಲೇ ಹಾಕಿದ್ದರೆ ಪೊಸೆಶನ್ ಆಗೋದೇ ಇಲ್ಲ. 1ನೇ ಹಂತದ ಸ್ಪೆಲ್, 10 ನಿಮಿಷ ಕಾನ್ಸಂಟ್ರೇಶನ್, ಪವಿತ್ರ ಜಲವೋ ಬೆಳ್ಳಿ ಕಬ್ಬಿಣದ ಪುಡಿಯೋ ಖರ್ಚಾಗುತ್ತೆ. ಆದರೆ ಹಿಡಿದ ಮೇಲೆ ಹಾಕಿದರೆ ಹೊಸ ಸೇವ್‌ಗೆ ಅಡ್ವಾಂಟೇಜ್ (ದಾಳ ಎರಡು ಸಲ, ಹೆಚ್ಚಿನದು ಲೆಕ್ಕ) ಅಷ್ಟೇ, ಮತ್ತು ಘೋಸ್ಟ್ ಪೊಸೆಶನ್‌ಗೆ ಹೊಸ ಸೇವ್ ಅಂತ ಬರೆದೇ ಇಲ್ಲ. ಪ್ರತಿ ಸರದಿಯ ಕೊನೆಗೆ ಒಂದು ಸೇವ್ ನೀವೇ ಕೊಡಿ, ಆಗ ಆ ಸ್ಪೆಲ್‌ಗೂ ಬೆಲೆ ಬರುತ್ತೆ.

ರೋಗ್ ಆಡೋರಿಗೆ ಇಷ್ಟ ಇಲ್ಲ ಅಂದ ಮೇಲೆ ಅವರ ಮೇಲೆ ಬಳಸಲೇಬೇಡಿ. ಸೆಷನ್ ಶುರುವಿಗೆ ಮುಂಚೆ ಎಲ್ಲರನ್ನೂ ಕೇಳಿ, ಒಪ್ಪಿದವರ ಮೇಲೆ ಮಾತ್ರ. ಒಪ್ಪಿದವರಿಗೆ ಚೀಟಿಯಲ್ಲಿ ಒಂದೇ ಸಾಲು ಬರೆದು ಕೊಡಿ: "ಹಟ್ಟಿಯ ಕಡೆ ನಡಿ, ಯಾರಾದರೂ ತಡೆದರೆ ತಳ್ಳು, ಹೊಡೀಬೇಡ." ಪಾತ್ರ ಅವರ ಕೈಯಲ್ಲೇ ಇರಲಿ, ಗುರಿ ಮಾತ್ರ ದೆವ್ವದ್ದು. 300 ಅಡಿ ಗಡಿ ದಾಟಿದ ಕೂಡಲೇ ಹಿಡಿತ ಬಿಡಲಿ.

ಸ್ಪೀಕ್ ವಿತ್ ಡೆಡ್ ನಿಮ್ಮ ಗುಂಪಿಗೆ ಇನ್ನೂ ಬಂದಿಲ್ಲ, ಕ್ಲೆರಿಕ್ 5ನೇ ಲೆವೆಲ್ ಆಗಬೇಕು. ಮುಂದೆ ಇದೇ ಕಥೆ ಬೇರೆ ಗುಂಪಿಗೆ ಆಡಿಸಿದರೆ ನೆನಪಿರಲಿ, ಗೌಡನ ಮುತ್ತಜ್ಜನ ಹೆಣಕ್ಕೆ ಐದು ಪ್ರಶ್ನೆ ಕೇಳಿದರೆ ಕಥೆ ಹತ್ತು ನಿಮಿಷದಲ್ಲಿ ಮುಗೀತು. ಹೆಣ ಸುಟ್ಟಿದ್ದಾರೆ ಅಂತ ಇಟ್ಟರೆ ಬಾಯಿ ಇಲ್ಲ, ಸ್ಪೆಲ್ ನಡೆಯಲ್ಲ.

ಇನ್ನೊಬ್ಬರು, ಕೊನೆಯ ದೃಶ್ಯಕ್ಕೆ

ಕೆತ್ತನೆ ವಿಷಯ ಯಾರೂ ಮುಟ್ಟಿಲ್ಲ. ಮೆಂಡಿಂಗ್ ಸ್ಪೆಲ್ ಹಾಕ್ತೀವಿ ಅಂತ ಬರ್ತಾರೆ. ಅದು ಒಂದು ಅಡಿಯೊಳಗಿನ ಮುರುಕು ಕೂಡಿಸುತ್ತೆ, ಹೊಸ ಮೂರ್ತಿ ಕೆತ್ತಲ್ಲ. ಕುಶಲ ಆಳಿಗೆ ದಿನಕ್ಕೆ 2 ಚಿನ್ನದ ನಾಣ್ಯ ಪುಸ್ತಕದ ದರ. ಪಟ್ಟಿಕೆಗೆ 10 ದಿನ ಅಂತ ಇಟ್ಟರೆ 20 ನಾಣ್ಯ, 3ನೇ ಲೆವೆಲ್‌ಗೆ ಕೊಡಬಹುದಾದ ಮೊತ್ತ. ಗುಂಪಿನಲ್ಲಿ ಯಾರಿಗಾದರೂ ಮೇಸನ್ಸ್ ಟೂಲ್ಸ್ ಬರುತ್ತಿದ್ದರೆ ಅವರ ಕೈಗೇ ಉಳಿ ಕೊಡಿ.

ಪಟ್ಟಿಕೆಯಲ್ಲಿ ಏನು ಕೆತ್ತಬೇಕು ಅಂತ ಆಟಗಾರರನ್ನೇ ಕೇಳಿ. ವೀರ ಒಬ್ಬನೇ ಕೂತಿರಬೇಕಾ, ನಾಯಿ ಇರಬೇಕಾ, ಹಸು ಇರಬೇಕಾ? ಹತ್ತು ನಿಮಿಷ ಈ ಚರ್ಚೆಗೆ ಬಿಡಿ, ಕೊನೆಯ ದೃಶ್ಯ ಅವರದಾಗುತ್ತೆ. ಇಲ್ಲದಿದ್ದರೆ ನೀವು ಓದೋದು, ಅವರು ಕೇಳೋದು, ಅಷ್ಟೇ ಆಗುತ್ತೆ.

ಎಣಿಕೆಯನ್ನೂ ನೀವು ಮುಗಿಸಬೇಡಿ. 23ರ ತನಕ ನೀವು ಹೇಳಿ, ನಿಲ್ಲಿಸಿ. ಗಂಟೆ ಯಾರ ಕೈಲಿದೆಯೋ ಅವರೇ 24 ಅನ್ನಲಿ. ಯಾರೂ ಬಾಯಿ ಬಿಡದಿದ್ದರೆ ಕಾಯಿರಿ, ಅವಸರಪಟ್ಟು ತುಂಬಬೇಡಿ.

ಎಕ್ಸ್‌ಪಿ (ಅನುಭವದ ಅಂಕ) ಪೂರ್ತಿ ಕೊಡಿ: ಸಿಆರ್ 4ಕ್ಕೆ 1,100, ತಲೆಗೆ 275. ಕೊಂದವರಿಗಿಂತ ಬಾಕಿ ತೀರಿಸಿದವರಿಗೆ ಕಡಿಮೆ ಕೊಟ್ಟರೆ ಮುಂದಿನ ದೆವ್ವಕ್ಕೆ ಅವರು ಕತ್ತಿಯನ್ನೇ ಎತ್ತುತ್ತಾರೆ.

ಯಾರಾದರೂ "ನಾನೇ ದೆವ್ವದ ಪಾತ್ರ ಆಡ್ತೀನಿ" ಅಂದರೆ ಗೋಡೆ ತೂರೋ ಶಕ್ತಿ ಕೊಡಬೇಡಿ, ಎಲ್ಲ ಬೀಗ ಎಲ್ಲ ಕಾವಲು ವ್ಯರ್ಥ ಆಗುತ್ತೆ. 2021ರಲ್ಲಿ ಬಂದ ರೀಬಾರ್ನ್ ಲಿನಿಯೇಜ್ (ಸತ್ತು ಮರಳಿದವರ ಕುಲ) ಅದಕ್ಕೆ ಸರಿ. ಉಸಿರು, ಊಟ ಬೇಕಿಲ್ಲ, ಡೆತ್ ಸೇವ್‌ಗೆ ಅಡ್ವಾಂಟೇಜ್, ಹಿಂದಿನ ಜನ್ಮದ ನೆನಪಿನಿಂದ ಸ್ಕಿಲ್ ಚೆಕ್‌ಗೆ ಒಂದು ಡಿ6. ಪ್ರತಿ ಸಲ ಆ ಡಿ6 ಉರುಳಿಸಿದಾಗ ಅವರ ಬಾಕಿ ಕೆಲಸದ ಒಂದು ತುಣುಕು ನೆನಪಾಗಲಿ, ಅದನ್ನ ಆಟಗಾರರೇ ಹೇಳಲಿ, ನೀವು ಬರೆದಿಟ್ಟುಕೊಳ್ಳಿ.